ಬಟ್ಟೆ ಕೊಡವುವ ತನಕ

ನನ್ನ ಗಂಡನಿಗೆ ಸ್ವಂತ ಅಭಿಪ್ರಾಯ ಅಂತ ಒಂದಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರದು ಕ್ಷೌರದ ಅಂಗಡಿ. ಒಂದೇ ಮಳಿಗೆಯನ್ನು ಹಲಗೆಯ ಗೋಡೆ ಹಾಕಿ ಎರಡು ಮಾಡಿಕೊಂಡಿದ್ದೆವು. ಆ ಕಡೆ ಅವರ ಕುರ್ಚಿ, ಕನ್ನಡಿ. ಈ ಕಡೆ ನನ್ನ ಹೊಲಿಗೆ ಯಂತ್ರ. ಹಲಗೆ ಎಷ್ಟು ತೆಳುವೆಂದರೆ ಅಲ್ಲಿ ಒಬ್ಬರು ಸೀನಿದರೆ ಇಲ್ಲಿ ನಾನು ಹಾಕುತ್ತಿದ್ದ ಗುಂಡಿ ಕೈತಪ್ಪುತ್ತಿತ್ತು. ಹಾಗಾಗಿ ಮದುವೆಯಾದ ಲಾಗಾಯ್ತು ಅವರು ಗಿರಾಕಿಗಳ ಜೊತೆ ಆಡಿದ ಒಂದೊಂದು ಮಾತೂ ನನ್ನ ಕಿವಿಗೆ ಬಿದ್ದಿದೆ. ಬೇಡವೆಂದರೂ ಬಿದ್ದಿದೆ.

ಅವರದೊಂದು ಪದ್ಧತಿಯಿತ್ತು. ಗಿರಾಕಿ ಬಂದು ಕೂರಬೇಕು, ಇವರು ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿ ಕತ್ತರಿ ಎತ್ತಿಕೊಳ್ಳಬೇಕು, ಆಮೇಲೆ ಮೊದಲ ಮಾತು ಯಾವಾಗಲೂ ಒಂದೇ: "ಏನಂತೀರಿ ಸ್ವಾಮಿ?" ಅವನು ಏನಾದರೊಂದು ಅನ್ನುತ್ತಿದ್ದ. ಬೀದಿಯ ಕಂಬಕ್ಕೆಲ್ಲ ಕ್ಯಾಮೆರಾ ಹಾಕಿದ್ದು ಒಳ್ಳೆಯದಾಯಿತು ಅಂದನೋ, ಇವರು "ಅದೆಂಗೆ ಒಳ್ಳೇದು? ನಿಮ್ಮ ಮನೆ ಬಾಗಿಲಲ್ಲಿ ನೀವು ಕೆಮ್ಮಿದ್ದೂ ಅವರಿಗೆ ಗೊತ್ತಾಗ್ಬೇಕಾ?" ಅನ್ನುವರು. ಮುಂದಿನವನು ಬಂದು ಕ್ಯಾಮೆರಾ ಹಾಳು ಅಂದರೆ, ಅದೇ ಬಾಯಲ್ಲಿ "ಕಳ್ಳನಿಗೆ ಭಯ ಇರ್ಬೇಕು, ನಿಮಗ್ಯಾಕೆ?" ಅನ್ನುವರು. ನೀರಿಗೆ ಹಾಕುವ ಔಷಧಿ, ಮನೆ ಮೇಲಿನ ಟವರ್, ಲಸಿಕೆ, ಡ್ರೈವರ್ ಇಲ್ಲದ ಬಸ್ಸು, ಯಾವುದೇ ಇರಲಿ, ಎತ್ತು ಏರಿಗೆಳೆದರೆ ಇವರು ಕೋಣನ ಹಾಗೆ ನೀರಿಗೆಳೆಯುವರು. ಒಂದು ಸಲ ರೇಗಿಹೋಗಿ ಕೇಳಿದೆ, ಯಾಕ್ರೀ ಹೀಗೆ ಅಂತ. "ಹೌದು ಹೌದು ಅಂತಿದ್ರೆ ಗಿರಾಕಿ ತೂಕಡಿಸ್ತಾನೆ ಕಣೇ, ತಲೆ ಬಗ್ಗಿಹೋಗುತ್ತೆ. ಅಲ್ಲ ಅಂದ್ರೆ ನೆಟ್ಟಗೆ ಕೂರ್ತಾನೆ. ನನಗೆ ಬೇಕಾಗಿರೋದು ತಲೆ, ತಲೇಲಿರೋದಲ್ಲ" ಅಂದರು.

ಕೆಲಸ ಮುಗಿದರೆ ವಾದವೂ ಮುಗಿದ ಹಾಗೆ. ಕತ್ತರಿ ಕೆಳಗಿಟ್ಟು, ಬಟ್ಟೆ ಬಿಚ್ಚಿ, ಫಟ್ ಅಂತ ಒಂದು ಸಲ ಕೊಡವಿ, "ಇರಲಿ ಬಿಡಿ, ನೀವು ಹೇಳಿದ್ದೇ ಸರಿ" ಅನ್ನುವರು. ಗಿರಾಕಿ ಗೆದ್ದೆನೆಂದು ಹಿಗ್ಗಿಕೊಂಡು ಹೋಗುವನು. ಹೋಗುವವನು ಬಾಗಿಲಲ್ಲಿ ನಿಂತು ಮತ್ತೆ ಮಾತು ತೆಗೆದರೆ ಇವರು ತಿರುಗಿಯೂ ನೋಡುತ್ತಿರಲಿಲ್ಲ. "ಮುಂದಿನವರು ಬನ್ನಿ," ಅಷ್ಟೇ. ಮನೆಗೆ ಬಂದರಂತೂ ಮೂಕಬಸವ. ಅಪ್ಪ ಬಾಯಿಯನ್ನು ಅಂಗಡಿಯಲ್ಲೇ ಬಿಟ್ಟು ಬೀಗ ಹಾಕಿ ಬರ್ತಾರೆ ಅಂತ ಮಗಳು ಆಡಿಕೊಳ್ಳುತ್ತಿದ್ದಳು.

ಇಂಥ ಅಂಗಡಿಗೆ ಪುರಸಭೆಯವರು ಪೆಟ್ಟಿಗೆ ತಂದರು. ಸೋಪಿನ ಡಬ್ಬಿಯಷ್ಟು ದೊಡ್ಡದು, ಮುಂದೆ ಒಂದು ಹಸಿರು ದೀಪ. ಇನ್ನು ಮೇಲೆ ಸಭೆ ಕರೆದು ಜನರ ಅಭಿಪ್ರಾಯ ಕೇಳುವ ರಗಳೆ ಬೇಡ, ಜನ ಮಾತಾಡುವ ಜಾಗದಲ್ಲೇ ಇದು ಕೇಳಿಸಿಕೊಳ್ಳುತ್ತದೆ, ಒಪ್ಪಿದ ಅಂಗಡಿಯವರು ಇಟ್ಟುಕೊಳ್ಳಬಹುದು ಅಂದರು. ದರ್ಜಿ ಅಂಗಡಿಗೂ ಒಂದು ಕೊಡ್ತೀವಿ ಅಂದಾಗ ನನ್ನ ಮಾತು ನನ್ನ ಬಟ್ಟೆ ಹಾಕೋರಿಗೆ ಸಾಕು, ಹೋಗಿ ಅಂದೆ. ನನ್ನ ಗಂಡ ಮಾತ್ರ ಕುಣಿದಾಡಿಕೊಂಡು ಕನ್ನಡಿಯ ಪಕ್ಕ ಮೊಳೆ ಹೊಡೆದು ನೇತುಹಾಕಿದರು. ಗಿರಾಕಿಗಳ ಜೊತೆ ವಾದ ಮಾಡಲು ಹೊಸ ವಸ್ತು ಸಿಕ್ಕಿತು, ಇನ್ನೇನು ಬೇಕು ಅವರಿಗೆ.

ಮೊದಮೊದಲು ಅದು ಸುಮ್ಮನಿತ್ತು. ಆಮೇಲೆ ಉತ್ತರ ಕೊಡಲು ಕಲಿಯಿತು. ನಿವೃತ್ತರಾದ ಮೇಷ್ಟ್ರೊಬ್ಬರು ಪ್ರತಿ ವಾರ ಗಡ್ಡ ತೆಗೆಸಲು ಬರುತ್ತಿದ್ದರು. ಪೆಟ್ಟಿಗೆಯನ್ನು ಕಂಡರೆ ಅವರಿಗೆ ಆಗದು. ಒಂದು ದಿನ ತಮಾಷೆಗೆ ಅದರ ಕಡೆ ತಿರುಗಿ, "ಸ್ಮಶಾನದ ಪಕ್ಕದ ಜಾಗಕ್ಕೆ ಹೊಸ ಕಂಪ್ಯೂಟರ್ ಕಟ್ಟಡ ಬರುತ್ತಂತಲ್ಲ, ಅದಕ್ಕೆ ನಾನೇನಂತೀನಪ್ಪ, ಹೇಳು ನೋಡೋಣ" ಅಂದರು. ಪೆಟ್ಟಿಗೆ ಮೇಷ್ಟ್ರ ದನಿಯಲ್ಲೇ, ಅವರದೇ ಗಂಟಲು ಸರಿಮಾಡಿಕೊಳ್ಳುವ ಸದ್ದಿನ ಸಮೇತ ಮಾತಾಡಿತು. ಕಟ್ಟಡ ಬರಲಿ, ಆದರೆ ಮರ ಕಡಿಯಬಾರದು ಅಂದಿತು. ಹಲಗೆಯ ಈಚೆ ನನ್ನ ಕಾಲು ಪೆಡಲಿನ ಮೇಲೆ ನಿಂತುಹೋಯಿತು. ಮೇಷ್ಟ್ರು, "ನಾನು ಅದರ ಬಗ್ಗೆ ಇನ್ನೂ ಯೋಚನೇನೇ ಮಾಡಿಲ್ವಲ್ಲಯ್ಯ" ಅಂದದ್ದು ಕೇಳಿಸಿತು. ಮುಂದಿನ ವಾರ ಬಂದಾಗ ಅವರು ಎಲ್ಲರ ಹತ್ತಿರ ಅದನ್ನೇ ಹೇಳುತ್ತಿದ್ದರು, ಕಟ್ಟಡ ಬರಲಿ, ಮರ ಮಾತ್ರ ಕಡಿಯಬಾರದು ಅಂತ.

ಆಸ್ಪತ್ರೆಯ ಕಾನೂನು ಬಂದದ್ದು ಅದಾದ ಮೇಲೆ. ರೋಗಿಗೆ ಪ್ರಜ್ಞೆ ಇಲ್ಲದೆ, ಯಂತ್ರದ ಮೇಲೆ ಉಸಿರಾಡುತ್ತಿದ್ದರೆ, ಇಟ್ಟುಕೊಳ್ಳಬೇಕೋ ಬಿಡಬೇಕೋ ಅಂತ ಮನೆಯವರು ಕಿತ್ತಾಡುವುದು ಬೇಡ. ಅವನು ಊರಲ್ಲಿ ಆಡಿದ ಮಾತನ್ನೆಲ್ಲ ಕೇಳಿಸಿಕೊಂಡ ಪೆಟ್ಟಿಗೆಯನ್ನೇ ಕೇಳೋಣ ಅಂತ. ಮೇಷ್ಟ್ರು ಕುರ್ಚಿಯಲ್ಲಿ ಕೂತು ಕೂಗಾಡಿದರು. ಬಾಯಿಗೆ ಬಂದದ್ದೆಲ್ಲ ಮನಸ್ಸಿನಲ್ಲಿರುತ್ತದೆಯೇ ಅಂದರು. ಅವರು ವಿರುದ್ಧ ಅಂದಮೇಲೆ ನನ್ನ ಗಂಡ ಪರ. "ಹೆಂಡ್ತಿ ಮಕ್ಕಳು ಅತ್ತು ಕರೆದು ನನ್ನ ಹಿಡ್ಕೊಂಡ್ರೆ ನನ್ನ ಮಾತಿಗೇನು ಬೆಲೆ ಸ್ವಾಮಿ? ಪೆಟ್ಟಿಗೆ ಹೇಳ್ಲಿ ಬಿಡಿ" ಅಂದರು. ಹಸಿರು ದೀಪ ಉರಿಯುತ್ತಲೇ ಇತ್ತು. ಗಡ್ಡ ಮುಗಿದಾಗ ಬಟ್ಟೆ ಕೊಡವಿ ಮೇಷ್ಟ್ರು ಹೇಳಿದ್ದೇ ಸರಿ ಅಂದರು. ಅದನ್ನು ಪೆಟ್ಟಿಗೆ ಯಾವ ಲೆಕ್ಕಕ್ಕೆ ಹಾಕಿಕೊಂಡಿತೋ.

ಅವರು ಬಿದ್ದದ್ದು ಅಂಗಡಿಯಲ್ಲೇ, ಒಬ್ಬನ ತಲೆಗೂದಲು ಅರ್ಧ ಕತ್ತರಿಸಿರುವಾಗ. ಮಾತು ನಡುವೆ ನಿಂತಿತು, ಕತ್ತರಿ ನೆಲಕ್ಕೆ ಬಿದ್ದ ಸದ್ದಾಯಿತು. ನಾನು ಓಡಿಹೋದಾಗ ಅವರು ಕೂದಲ ರಾಶಿಯ ಮೇಲೆ ಮಗ್ಗುಲಾಗಿ ಮಲಗಿದ್ದರು. ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು ಆಸ್ಪತ್ರೆಯಲ್ಲಿ. ಬಾಯಿಗೆ ಕೊಳವೆ ಹಾಕಿ ಉಸಿರಾಟದ ಯಂತ್ರಕ್ಕೆ ಜೋಡಿಸಿದರು. ಡಾಕ್ಟರಮ್ಮ ಒಳ್ಳೆಯ ಹೆಂಗಸು, ಸುಳ್ಳು ಧೈರ್ಯ ಹೇಳುವವಳಲ್ಲ. "ಎದ್ದು ಕೂರ್ತಾರೆ ಅಂತ ಹೇಳಲ್ಲ ಅಮ್ಮ, ಕೂರಲ್ಲ ಅಂತಲೂ ಹೇಳಲ್ಲ. ಕಾಯಬೇಕು. ಆದರೆ ಕಾಯಬೇಕೋ ಬೇಡವೋ ಅಂತ ಪೆಟ್ಟಿಗೆ ಹೇಳಬೇಕು" ಅಂದಳು. ಮೂರು ಸಲ ಕೇಳುತ್ತಾರಂತೆ. ಮೂರು ಸಲವೂ ಬೇಡವೆಂದರೆ ಯಂತ್ರ ತೆಗೆಯುತ್ತಾರಂತೆ. ಮಾತು ಬದಲಾದರೆ ವಾರ ವಾರ ಮತ್ತೆ ಕೇಳುತ್ತಾರಂತೆ.

ನನಗೆ ಅವರು ಬೇಕಾಗಿತ್ತು. ಇದರಲ್ಲಿ ಮುಚ್ಚುಮರೆ ಏನಿಲ್ಲ. ಮಾತಾಡಲಿ ಬಿಡಲಿ, ಎದುರಿಗೆ ಕೂತು ಟೀ ಕುಡಿಯಲಿ ಸಾಕು ಅನ್ನಿಸುತ್ತಿತ್ತು.

ಕೇಳುವುದಕ್ಕೆ ಆಸ್ಪತ್ರೆಯಲ್ಲಿ ಬೇರೆ ಕೋಣೆ ಇರಲಿಲ್ಲ; ಅವರ ಮಂಚದ ಪಕ್ಕದಲ್ಲೇ ಮೇಜಿನ ಮೇಲೆ ಅಂಥದ್ದೇ ಒಂದು ಪೆಟ್ಟಿಗೆ ಇಟ್ಟರು. ಊರಿನ ಪೆಟ್ಟಿಗೆಗಳೆಲ್ಲ ಒಂದಕ್ಕೊಂದು ಸೇರಿಕೊಂಡಿವೆಯಂತೆ, ಅಂಗಡಿಯದು ಕೇಳಿದ್ದೆಲ್ಲ ಇದಕ್ಕೂ ಗೊತ್ತಂತೆ. ಡಾಕ್ಟರಮ್ಮ ನಿಂತುಕೊಂಡು ಓದಿದಳು. ಒಂದಕ್ಷರ ಆಚೀಚೆ ಮಾಡುವ ಹಾಗಿಲ್ಲವಂತೆ. "ಜೀವ ಉಳಿಸಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡದು ಎಂದು ಈ ಆಸ್ಪತ್ರೆ ನಂಬುತ್ತದೆ. ನೀವು ಏನನ್ನುತ್ತೀರಿ?"

ಮೊದಲು ಬಂದದ್ದು ಮಾತಲ್ಲ, ಕತ್ತರಿಯ ಸದ್ದು. ಕಚ ಕಚ ಕಚ. ಕೂದಲಿಗೆ ತಾಗುವ ಮುಂಚೆ ಗಾಳಿಯಲ್ಲೇ ಆಡಿಸುವ ಕತ್ತರಿ. ಪೆಟ್ಟಿಗೆ ಅವರ ದನಿಯನ್ನು ಕತ್ತರಿಯಿಂದ ಬೇರೆ ಮಾಡಿ ಕೇಳಿದ್ದೇ ಇಲ್ಲ, ಎರಡನ್ನೂ ಒಟ್ಟಿಗೇ ಕಲಿತಿತ್ತು. ಆಮೇಲೆ ದನಿ: "ಅದೆಂಗಾಗುತ್ತೆ ಸ್ವಾಮಿ? ಹಣ್ಣೆಲೆ ಉದುರಬೇಡ ಅಂದ್ರೆ ಚಿಗುರು ಬರೋದೆಲ್ಲಿಂದ? ಬಿಡಿ ಅತ್ಲಾಗೆ, ತೆಗೀರಿ." ನಗುನಗುತ್ತಾ ಅಂದರು. ಮಂಚದ ಮೇಲೆ ಅದೇ ಮನುಷ್ಯ ಕೊಳವೆ ಕಚ್ಚಿಕೊಂಡು, ಎದೆ ಯಂತ್ರದ ತಾಳಕ್ಕೆ ಏರಿಳಿಯುತ್ತಾ, ಕಣ್ಣು ಮುಚ್ಚಿ ಮಲಗಿದ್ದರು. ಅವರ ಬಲಗೈ ಹೆಬ್ಬೆರಳು ಸಣ್ಣಗೆ ಅಲುಗಾಡುತ್ತಿತ್ತು, ಕಚ ಕಚ ಅಂದಾಗಲೆಲ್ಲ. ನರ ಸೆಳೆತ ಅಂದಳು ಡಾಕ್ಟರಮ್ಮ.

ಎರಡನೆಯ ಸಲ ಮಗಳೂ ಬಂದಿದ್ದಳು. ಮನೆಯವರು ಪೆಟ್ಟಿಗೆಯ ಹತ್ತಿರ ಒಂದು ಮಾತು ಆಡಬಹುದು ಅಂತ ಕಾನೂನಿನಲ್ಲಿದೆ. ಅವಳು ಅದರ ಮುಂದೆ ಮಂಡಿಯೂರಿ ಅತ್ತುಬಿಟ್ಟಳು. "ಅಪ್ಪಾ, ನೀವು ಇರಬೇಕು. ಹೋಗ್ತೀನಿ ಅನ್ಬೇಡಿ." ಕತ್ತರಿ ಜೋರಾಯಿತು. "ಇರಬೇಕು ಇರಬೇಕು ಅಂತೀರಲ್ಲ, ಇದ್ದು ಯಾವ ಕೋಟೆ ಕಟ್ಟಬೇಕಿತ್ತು? ಸಾಯೋನಿಗೆ ದಾರಿ ಬಿಡಬೇಕು ಸ್ವಾಮಿ." ಮಗಳಿಗೇ ಸ್ವಾಮಿ ಅಂತಿದೆ. ಅದಕ್ಕೆ ಮಗಳು ಗೊತ್ತಿಲ್ಲ, ಗಿರಾಕಿ ಮಾತ್ರ ಗೊತ್ತು. ಅವಳು ಎಷ್ಟು ಬೇಡಿಕೊಂಡಳೋ ಅದು ಅಷ್ಟು ಉತ್ಸಾಹದಿಂದ ಸಾವಿನ ಪರ ನಿಂತಿತು. ಅವಳು ಎದ್ದು ಕಣ್ಣೊರೆಸಿಕೊಂಡು, "ಅಮ್ಮಾ, ಅಪ್ಪಂಗೆ ಹೋಗೋ ಆಸೆ ಇದೆ. ಅವರದೇ ದನಿ ಅಲ್ವಾ. ಬಿಟ್ಟುಬಿಡೋಣ" ಅಂದಳು.

ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಮನೆಗೆ ಬಂದು ಒಲೆಯ ಮುಂದೆ ನಿಂತಾಗ ಹೊಳೆಯಿತು. ಡಾಕ್ಟರಮ್ಮ ಓದಿದ್ದು ಜೀವದ ಪರ, ಅವರು ವಿರುದ್ಧ. ಮಗಳು ಅತ್ತಿದ್ದು ಜೀವದ ಪರ, ಅವರು ವಿರುದ್ಧ. ಇಷ್ಟು ವರ್ಷ ಹಲಗೆಯ ಈಚೆ ಕೂತು ಕೇಳಿದವಳು ನಾನು, ನನಗೂ ತಿಳಿಯಲು ಇಷ್ಟು ಹೊತ್ತು ಬೇಕಾಯಿತು. ಪೆಟ್ಟಿಗೆಯಲ್ಲಿದ್ದದ್ದು ನನ್ನ ಗಂಡನ ಅಭಿಪ್ರಾಯವಲ್ಲ, ನನ್ನ ಗಂಡನ ಕೆಲಸ.

ಮೂರನೆಯ ಸಲ ನಾನು ಡಾಕ್ಟರಮ್ಮನಿಗೆ ಹೇಳಿದೆ, "ಮೊದಲು ನೀವು ಓದಿಬಿಡಿ. ಆಮೇಲೆ ನಾನು ಮಾತಾಡ್ತೀನಿ. ಆಮೇಲೆ ಅವರು ಏನಂತಾರೋ ಅದನ್ನ ಬರ್ಕೊಳ್ಳಿ." ಯಾರು ಮೊದಲು ಅಂತ ಎಲ್ಲೂ ಬರೆದಿಲ್ಲ, ಆಗಲಿ ಅಂದಳು. ಅವಳು ಓದಿ ಮುಗಿಸುತ್ತಲೇ ನಾನು ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ಎದುರು ಗಿರಾಕಿಯ ಹಾಗೆ ನೆಟ್ಟಗೆ ಕೂತೆ. "ಯಂತ್ರ ತೆಗೆದುಬಿಡೋದೇ ಒಳ್ಳೇದು ರೀ," ಅಂದೆ. "ಇದ್ದು ಏನು ಪ್ರಯೋಜನ. ಹೋಗಿಬಿಡಿ."

ಮಗಳು ನನ್ನ ಭುಜ ಹಿಡಿದಳು. ಹಸಿರು ದೀಪ ಒಂದು ಸಲ ಮಿಟುಕಿತು. ಕಚ ಕಚ ಕಚ.

"ಅದೆಂಗಂತೀರಿ ಸ್ವಾಮಿ? ಉಸಿರು ಅನ್ನೋದು ಬಾಡಿಗೆ ಮನೆನಾ, ಬೇಡ ಅಂದಾಗ ಖಾಲಿ ಮಾಡೋಕೆ? ಇಟ್ಕೊಳ್ಳಿ. ನಾಳೆ ಯಾರು ಕಂಡಿದ್ದಾರೆ?"

ನಾನು ನಕ್ಕೆ, ನಗುತ್ತಾ ನಗುತ್ತಾ ಅತ್ತೆ. ಡಾಕ್ಟರಮ್ಮನಿಗೆ ಅವರ ಪದ್ಧತಿಯನ್ನೆಲ್ಲ ಹೇಳಿದೆ. ಅವಳು ತಲೆ ಕೆರೆದುಕೊಂಡು, "ಅಭಿಪ್ರಾಯ ಬದಲಾಯ್ತು ಅಂತ ಬರೀತೀನಿ, ಬೇರೆ ಏನೂ ಬರೆಯೋಕೆ ಇಲ್ಲಿ ಜಾಗ ಇಲ್ಲ. ಆದ್ರೆ ನೋಡಿ ಅಮ್ಮ, ಮನೆಯವರೂ ಪೆಟ್ಟಿಗೆನೂ ಒಂದೇ ಮಾತು ಹೇಳಿದ ದಿನ ಅದೇ ಕೊನೆ. ಮತ್ತೆ ಕೇಳೋ ಹಾಗಿಲ್ಲ" ಅಂದಳು. ಅವರು ನನ್ನ ಮಾತಿಗೆ ಒಪ್ಪುವುದೇ, ಕುರ್ಚಿಯಲ್ಲಿ ಕೂತವರ ಮಾತಿಗೆ ಅವರು ಯಾವತ್ತು ಒಪ್ಪಿದ್ದಾರೆ ಅಂದೆ ನಾನು.

ಹೀಗೆ ವಾರ ವಾರ ಹೋಗಿ ನನ್ನ ಗಂಡನಿಗೆ ಸಾಯಿರಿ ಅನ್ನುವುದು ನನ್ನ ಕೆಲಸವಾಯಿತು. ಎಷ್ಟು ಚೆನ್ನಾಗಿ ಅನ್ನುತ್ತೇನೋ ಅಷ್ಟು ಚೆನ್ನಾಗಿ ಅವರು ಬದುಕಿಗೆ ಅಂಟಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಕೂತು ಹೊಸ ಹೊಸ ಮಾತು ಯೋಚಿಸಿಕೊಂಡು ಹೋಗುತ್ತಿದ್ದೆ. ನಿಮ್ಮಿಂದ ನನಗೆ ಸಾಕಾಗಿದೆ ಅಂದೆ. ನಾನೂ ಬದುಕಬೇಕಲ್ಲ ಅಂದೆ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ಮನೆಯಲ್ಲಿ ಒಂದು ವರ್ಷಕ್ಕೆ ಆಡದಷ್ಟು ಮಾತನ್ನು ಅವರು ನನ್ನ ಜೊತೆ ಆ ಮೇಜಿನ ಮುಂದೆ ಆಡಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ದಿನಕ್ಕಾಗಿ ಕಾಯುತ್ತಿದ್ದೆ, ತಲೆ ಬಾಚಿಕೊಂಡು ಒಳ್ಳೆಯ ಸೀರೆ ಉಟ್ಟು ಹೋಗುತ್ತಿದ್ದೆ. ಮಂಚದ ಮೇಲಿದ್ದವರು ಮಾತ್ರ ಸಣ್ಣಗಾಗುತ್ತಾ ಹೋದರು. ಬೆನ್ನಿನಲ್ಲಿ ಹುಣ್ಣಾಯಿತು. ಗಡ್ಡ ಬೆಳೆಯಿತು, ಊರಿನ ಗಡ್ಡವನ್ನೆಲ್ಲ ತೆಗೆದವರಿಗೆ. ನಾನು ಅವರ ಮುಖ ನೋಡುವುದನ್ನು ಕಡಿಮೆ ಮಾಡಿ ಪೆಟ್ಟಿಗೆಯನ್ನೇ ನೋಡುತ್ತಿದ್ದೆ ಅಂತ ಮಗಳು ಹೇಳಿದಾಗಲೇ ನನಗೆ ಗೊತ್ತಾದದ್ದು.

"ಅಮ್ಮಾ, ನಿಜವಾಗಿ ಅಪ್ಪಂಗೆ ಏನು ಬೇಕು ಅಂತ ನಿಂಗೆ ಗೊತ್ತಾ?" ಅಂತ ಕೇಳಿದಳು, ಬಸ್‌ಸ್ಟಾಪಿನಲ್ಲಿ.

"ನಿಂಗೆ ಗೊತ್ತಾ?" ಅಂದೆ.

"ಇಲ್ಲ. ಅದಕ್ಕೇ ನಾನು ಸುಮ್ನಿದ್ದೀನಿ. ನೀನೂ ಅವರ ಹಾಗೇ ಆಗ್ಬಿಟ್ಟೆ ಅಮ್ಮ, ಮನಸ್ಸಲ್ಲಿ ಇಲ್ಲದ್ದನ್ನೇ ಆಡ್ತೀಯ." ಅವಳು ಮುಂದಿನ ವಾರ ಒಳಗೆ ಬರಲಿಲ್ಲ, ಹೊರಗೆ ಬೆಂಚಿನ ಮೇಲೆ ಕೂತಳು.

ಆ ವಾರವೇ ಅದು ಆದದ್ದು. ಮಧ್ಯಾಹ್ನ, ಕಿಟಕಿಯಿಂದ ಬಿಸಿಲು ನೇರ ಮಂಚದ ಮೇಲೆ ಬಿದ್ದಿತ್ತು. ಡಾಕ್ಟರಮ್ಮ ಓದಿದಳು. ನಾನು ಕುರ್ಚಿಯಲ್ಲಿ ಕೂತು, ಸುಸ್ತಾಗಿದ್ದರಿಂದ ಹೊಸ ಮಾತೇನೂ ಹೊಳೆಯದೆ, "ಹೋಗಿಬಿಡಿ ರೀ, ಸಾಕು" ಅಂದೆ. ಕತ್ತರಿ ಶುರುವಾಯಿತು. ಅವರು ವಾದಿಸಿದರು, ಆದರೆ ಎಂದಿನ ಬಿರುಸಿಲ್ಲ. ಮಾತು ಮಾತಿನ ನಡುವೆ ಕತ್ತರಿ ಸಣ್ಣಗೆ, ಕಿವಿಯ ಹಿಂದಿನ ಕೊನೆಯ ಕೂದಲನ್ನು ಸಮ ಮಾಡುವಾಗ ಆಡುತ್ತದಲ್ಲ, ಹಾಗೆ ಆಡುತ್ತಿತ್ತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಅದಾದ ಮೇಲೆ ಏನು ಬರುತ್ತದೆ ಅನ್ನುವುದೂ ಗೊತ್ತು. ನಾನು ಕೈ ಚಾಚಿ ಪೆಟ್ಟಿಗೆಯ ಬಾಯಿ ಮುಚ್ಚಲು ಹೋದೆ, ಅದಕ್ಕೆ ಬಾಯಿಯೆಲ್ಲಿದೆ.

ಕತ್ತರಿ ನಿಂತಿತು. ಮರದ ಮೇಲೆ ಲೋಹ ಇಟ್ಟ ಸದ್ದು. ಆಮೇಲೆ ಆ ಕೋಣೆಯಲ್ಲಿ, ಬಟ್ಟೆಯೇ ಇಲ್ಲದ ಕಡೆ, ಬಟ್ಟೆ ಫಟ್ ಅಂತ ಕೊಡವಿದ ಸದ್ದಾಯಿತು.

"ಇರಲಿ ಬಿಡು, ನೀನು ಹೇಳಿದ್ದೇ ಸರಿ ಕಣೇ."

ಕಣೇ ಅಂದರು. ನಾನು ಊಟಕ್ಕೆ ಕೂಗಿದಾಗ ಹಲಗೆಯ ಆಚೆಯಿಂದ "ಬಂದೆ ಕಣೇ" ಅನ್ನುತ್ತಿದ್ದರಲ್ಲ, ಅದನ್ನು ಅದು ಯಾವಾಗಲೋ ಕೇಳಿಸಿಕೊಂಡಿರಬೇಕು. ಅಷ್ಟು ದಿನವೂ ನನ್ನನ್ನು ಸ್ವಾಮಿ ಅಂದದ್ದು ಆವತ್ತು ಯಾರೆಂದು ಗುರುತು ಹಿಡಿಯಿತು. "ಇಲ್ಲಾ ರೀ," ಅಂದೆ, "ಸುಮ್ನೆ ಅಂದೆ. ಅಷ್ಟು ವಾರದಿಂದ ಸುಮ್ಸುಮ್ನೆ ಅಂದೆ. ನೀವು ಇರಬೇಕು ರೀ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪೆಟ್ಟಿಗೆ ನನ್ನ ಕಡೆ ತಿರುಗಿಯೂ ನೋಡದವರ ದನಿಯಲ್ಲಿ ಅಂದಿತು: "ಮುಂದಿನವರು ಬನ್ನಿ."

ಮಂಚದ ಕಡೆ ನೋಡಿದೆ. ಹೆಬ್ಬೆರಳು ಅಲುಗಾಡುತ್ತಿರಲಿಲ್ಲ. ಡಾಕ್ಟರಮ್ಮ ನನ್ನ ಪಕ್ಕದಲ್ಲಿ ಬಂದು ಕೂತು ಬಹಳ ಹೊತ್ತು ಕೈ ಹಿಡಿದುಕೊಂಡಿದ್ದಳು, ಆಮೇಲೆ ಮಗಳನ್ನು ಒಳಗೆ ಕರೆದಳು. ಯಂತ್ರ ತೆಗೆದ ಮೇಲೆ ಅವರು ಸಂಜೆಯವರೆಗೂ ಇರಲಿಲ್ಲ.

ಕೆಲಸ ಮುಗಿಯಿತೆಂದು ಬಟ್ಟೆ ಕೊಡವಿದರೋ, ಕಟ್ಟಿಕೊಂಡವಳೇ ಹೋಗು ಅನ್ನುತ್ತಿದ್ದಾಳಲ್ಲ ಅಂತ ಕೊಡವಿದರೋ. ಮಗಳು ಮೊದಲನೆಯದು ಅನ್ನುತ್ತಾಳೆ. ಮೇಷ್ಟ್ರು ಮನೆಗೆ ಬಂದು, ಅದು ಬರೀ ಯಂತ್ರ ತಾಯಿ, ಅದಕ್ಕೆ ಎರಡೂ ಇಲ್ಲ ಅಂದರು. ಅವರು ಹೇಳಿದ್ದು ಅವರದೇ ಅಭಿಪ್ರಾಯವೋ ಪೆಟ್ಟಿಗೆ ಹೇಳಿಕೊಟ್ಟದ್ದೋ ಅಂತ ಕೇಳಬೇಕೆನ್ನಿಸಿತು, ಕೇಳಲಿಲ್ಲ.

ತಿಂಗಳು ಕಳೆದ ಮೇಲೆ ಅಂಗಡಿ ಖಾಲಿ ಮಾಡಲು ಹೋದೆ. ಹಲಗೆಯ ಆ ಕಡೆ ಬಾಗಿಲು ತೆಗೆದಾಗ ಸೋಪಿನ ವಾಸನೆ ಹಾಗೇ ಇತ್ತು. ನೆಲದಲ್ಲಿ ಅವತ್ತಿನ ಕೂದಲು, ಬಾಚಣಿಗೆ, ಕುರ್ಚಿಯ ಮೇಲೆ ಮಡಿಸದೆ ಬಿಟ್ಟ ಬಿಳಿ ಬಟ್ಟೆ. ಕನ್ನಡಿಯ ಪಕ್ಕದ ಪೆಟ್ಟಿಗೆಯನ್ನು ಪುರಸಭೆಯವರು ತೆಗೆದುಕೊಂಡು ಹೋಗಿರಲಿಲ್ಲ. ಸತ್ತವರ ಅಭಿಪ್ರಾಯವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರಂತೆ, ಅದರ ಬಗ್ಗೆಯೂ ಊರಲ್ಲಿ ಎರಡು ಮಾತಿದೆ. ನಾನು ಪೊರಕೆ ತೆಗೆದುಕೊಳ್ಳಲು ಬಗ್ಗಿದಾಗ ಹಸಿರು ದೀಪ ಹತ್ತಿತು.

ಕಚ ಕಚ ಕಚ. "ಬನ್ನಿ, ಕೂತ್ಕೊಳ್ಳಿ. ಏನಂತೀರಿ ಸ್ವಾಮಿ?"

ಮತ್ತೆ ಸ್ವಾಮಿ. ಪೊರಕೆಯನ್ನು ಗೋಡೆಗೊರಗಿಸಿ, ಇಷ್ಟು ವರ್ಷದಲ್ಲಿ ಒಂದು ಸಲವೂ ಕೂರದ ಆ ಕುರ್ಚಿಯಲ್ಲಿ ಕೂತೆ. ಬಿಳಿ ಬಟ್ಟೆಯನ್ನು ನಾನೇ ಕುತ್ತಿಗೆಗೆ ಕಟ್ಟಿಕೊಂಡೆ. ಕನ್ನಡಿಯಲ್ಲಿ ನನ್ನ ಹಿಂದೆ ಯಾರೂ ಇರಲಿಲ್ಲ.

"ನೀವು ಇರಬೇಕಿತ್ತು ಅಂತೀನಿ," ಅಂದೆ. ನನ್ನ ಮನಸ್ಸಿನಲ್ಲಿದ್ದ ಮಾತು ಅದೊಂದೇ.

"ಅದೆಂಗಂತೀರಿ?" ಅಂದರು, ಹುರುಪಿನಿಂದ, ಕತ್ತರಿ ಆಡಿಸುತ್ತಾ. "ಇದ್ದು ಏನ್ಮಾಡ್ಬೇಕಿತ್ತು ಸ್ವಾಮಿ? ಹೋದೋರು ಹೋದ್ರು, ಒಳ್ಳೇದೇ ಆಯ್ತು ಅನ್ನಿ." ಒಂದೊಂದೇ ಕಾರಣ ಕೊಡತೊಡಗಿದರು. ಒಂದೊಂದೂ ಎದೆಗೆ ಚುಚ್ಚುತ್ತಿತ್ತು. ನಾನು ತಲೆ ಬಗ್ಗಿಸಲಿಲ್ಲ, ಅವರಿಗೆ ಹೇಗೆ ಬೇಕೋ ಹಾಗೆ ನೆಟ್ಟಗೆ ಕೂತಿದ್ದೆ. ಕೆಲಸ ಮುಗಿದಾಗ ಅವರು ಬಟ್ಟೆ ಕೊಡವಿ ನೀವು ಹೇಳಿದ್ದೇ ಸರಿ ಅನ್ನಲೇಬೇಕು. ಇದುವರೆಗೆ ಅಂದಿಲ್ಲ. ದಿನವೂ ಮಧ್ಯಾಹ್ನ ಬಂದು ಕೂರುತ್ತೇನೆ. ಅದನ್ನು ಕೇಳದೆ ನಾನು ಈ ಅಂಗಡಿ ಖಾಲಿ ಮಾಡುವುದಿಲ್ಲ.